ನೆರವೆಂಬ ನೊಗ ಮತ್ತು ನಮ್ಮ ಹೊಣೆ

2025ರ ಜುಲೈ 1ರಂದು ಅಮೇರಿಕದ ‘ಯುಎಸ್‌ಏಡ್’ ಸಂಸ್ಥೆ ಅಧಿಕೃತವಾಗಿ ಬಾಗಿಲು ಮುಚ್ಚಿತು. 1961ರಲ್ಲಿ ಅಧ್ಯಕ್ಷ ಕೆನಡಿಯವರ ಕಾಲದಲ್ಲಿ ಹುಟ್ಟಿ, ಆರು ದಶಕಗಳ ಕಾಲ ಬಡ ರಾಷ್ಟ್ರಗಳಿಗೆ ಗೋಧಿ, ಔಷಧ, ಸಲಹೆ ಮತ್ತು ಶರತ್ತುಗಳನ್ನು ಒಟ್ಟಿಗೆ ರವಾನಿಸಿದ ಸಂಸ್ಥೆ ಅದು. ಡೊನಾಲ್ಡ್ ಟ್ರಂಪ್ ಎರಡನೆಯ ಬಾರಿಗೆ ಅಧಿಕಾರ ವಹಿಸಿಕೊಂಡ ದಿನವೇ, ಅಂದರೆ 2025ರ ಜನವರಿ 20ರಂದು, ವಿದೇಶಿ ನೆರವನ್ನು ತಡೆಹಿಡಿಯುವ ಆಜ್ಞೆಗೆ ಸಹಿ ಹಾಕಿದ್ದರು. ಅದರ ಶೇಕಡಾ 83ರಷ್ಟು ಯೋಜನೆಗಳನ್ನು ರದ್ದುಪಡಿಸಲಾಗಿದೆ ಎಂದು ಮಾರ್ಚ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರೂಬಿಯೊ ಪ್ರಕಟಿಸಿದರು.

ಈ ಸುದ್ದಿಗೆ ಎರಡು ಬಗೆಯ ಪ್ರತಿಕ್ರಿಯೆಗಳು ಬಂದುವು. ಬಡವರ ಅನ್ನದ ಬಟ್ಟಲನ್ನೇ ಕಸಿಯಲಾಯಿತೆಂದು ಕೆಲವರು ಮರುಗಿದರು. ಸಾಮ್ರಾಜ್ಯಶಾಹಿಯ ಒಂದು ಕೈ ಕತ್ತರಿಸಿ ಬಿತ್ತು, ಇನ್ನು ಮುಸ್ಲಿಮ್ ಜಗತ್ತು ಸ್ವಾವಲಂಬಿಯಾಗಲಿದೆ ಎಂದು ಇನ್ನು ಕೆಲವರು ಸಂಭ್ರಮಿಸಿದರು. ಈ ಎರಡನೆಯ ಗುಂಪಿನಲ್ಲಿ ನಮ್ಮ ಸಮುದಾಯದವರೂ ಇದ್ದರು. ಮರುಗಿದವರು ನೆರವಿನ ಇತಿಹಾಸವನ್ನು ಮರೆತಿದ್ದಾರೆ, ಸಂಭ್ರಮಿಸಿದವರು ಹಸಿದವನ ಹೊಟ್ಟೆಯನ್ನು ಮರೆತಿದ್ದಾರೆ ಎಂಬುದು ನಮ್ಮ ಅಭಿಪ್ರಾಯ. ಎರಡನ್ನೂ ಒಟ್ಟಿಗೆ ನೆನಪಿಸಲು ಯಮನ್‌ಗಿಂತ ಸೂಕ್ತವಾದ ಉದಾಹರಣೆ ಇನ್ನೊಂದಿರಲಾರದು.

ಯಮನ್‌ನ ಹುದೈದಾ ಬಂದರಿನ ಕ್ರೇನುಗಳ ಕಥೆಯನ್ನೇ ಮೊದಲು ನೋಡೋಣ. ಯಮನ್ ತನಗೆ ಬೇಕಾದ ಗೋಧಿಯ ಬಹುಪಾಲನ್ನು ಹೊರಗಿನಿಂದ ತರಿಸುವ ದೇಶ. ಅದರ ದೊಡ್ಡ ಅಂಶ ಹುದೈದಾದ ಮೂಲಕವೇ ಒಳಬರಬೇಕು. 2015ರ ಮಾರ್ಚ್ 26ರಂದು ಸೌದಿ ಅರೇಬಿಯದ ನೇತೃತ್ವದ ಒಕ್ಕೂಟವು ಯಮನ್‌ನ ಮೇಲೆ ಬಾಂಬ್ ದಾಳಿ ಆರಂಭಿಸಿತು. ಅದರ ಹಿಂದೆ ಅಮೇರಿಕ ಮತ್ತು ಬ್ರಿಟನ್‌ಗಳ ಶಸ್ತ್ರಾಸ್ತ್ರಗಳಿದ್ದುವು. ಅದೇ ವರ್ಷದ ಆಗಸ್ಟ್‌ನಲ್ಲಿ ನಡೆದ ವಾಯುದಾಳಿಯಲ್ಲಿ ಹುದೈದಾದ ಕ್ರೇನುಗಳು ನಾಶವಾದುವು. ಹಡಗುಗಳಿಂದ ಆಹಾರ ಇಳಿಸುವ ಕೆಲಸ ಕುಂಟತೊಡಗಿತು. ಆಗ ಅದೇ ಅಮೇರಿಕವು ವಿಶ್ವ ಆಹಾರ ಕಾರ್ಯಕ್ರಮಕ್ಕೆ ಹಣ ಕೊಟ್ಟು ನಾಲ್ಕು ಹೊಸ ಕ್ರೇನುಗಳನ್ನು ಖರೀದಿಸಲು ನೆರವಾಯಿತು. 2017ರ ಜನವರಿಯಲ್ಲಿ ಆ ಕ್ರೇನುಗಳನ್ನು ಹೊತ್ತ ಹಡಗು ಬಂದಾಗ ಸೌದಿ ಒಕ್ಕೂಟ ಅದನ್ನು ಹಿಂದಕ್ಕೆ ಕಳಿಸಿತು. ಕೊನೆಗೆ ಅವು ಬಂದರನ್ನು ತಲುಪಿದ್ದು 2018ರ ಜನವರಿಯಲ್ಲಿ. ಬಾಂಬು ಕೊಟ್ಟದ್ದೂ ಅವರೇ, ಕ್ರೇನು ಕೊಟ್ಟದ್ದೂ ಅವರೇ. ಬಾಂಬಿನ ಲೆಕ್ಕ ವ್ಯಾಪಾರದ ಪುಸ್ತಕದಲ್ಲಿ ಸೇರಿತು, ಕ್ರೇನಿನ ಲೆಕ್ಕ ಮಾನವೀಯತೆಯ ಪುಸ್ತಕದಲ್ಲಿ ಸೇರಿತು. ವರ್ಷದ ಕೊನೆಗೆ ಓದಿ ಹೇಳಲಾಗುವುದು ಎರಡನೆಯ ಪುಸ್ತಕವನ್ನು ಮಾತ್ರ.

ಇದು ಆಕಸ್ಮಿಕವಲ್ಲ. ವಿದೇಶಿ ನೆರವೆಂಬುದು ಹುಟ್ಟಿನಿಂದಲೇ ರಾಜಕೀಯದ ಸಂತಾನ. 1949ರ ಜನವರಿಯಲ್ಲಿ ಅಧ್ಯಕ್ಷ ಟ್ರೂಮನ್ ಜಗತ್ತಿನ ಬಹುಭಾಗವನ್ನು ‘ಹಿಂದುಳಿದ ಪ್ರದೇಶ’ಗಳೆಂದು ಕರೆದು ಅವುಗಳಿಗೆ ತಾಂತ್ರಿಕ ನೆರವಿನ ಯೋಜನೆಯನ್ನು ಘೋಷಿಸಿದಾಗ, ಸೋವಿಯತ್ ಒಕ್ಕೂಟದೊಂದಿಗಿನ ಶೀತಲ ಸಮರ ಆರಂಭವಾಗಿತ್ತು. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಹಸಿವು ನಿರ್ಧರಿಸಲಿಲ್ಲ, ನಿಷ್ಠೆ ನಿರ್ಧರಿಸಿತು. 1956ರಲ್ಲಿ ಈಜಿಪ್ಟಿನ ಅಸ್ವಾನ್ ಅಣೆಕಟ್ಟಿಗೆ ಹಣ ಕೊಡುತ್ತೇವೆಂದಿದ್ದ ಅಮೇರಿಕ ಮತ್ತು ಬ್ರಿಟನ್‌ಗಳು ನಾಸಿರ್ ತಮ್ಮ ಮಾತು ಕೇಳುವುದಿಲ್ಲವೆಂದು ಕಂಡಾಗ ಜುಲೈ ತಿಂಗಳಲ್ಲಿ ಕೈ ಹಿಂತೆಗೆದುಕೊಂಡುವು. ನೀಲ್ ನದಿಯೂ ಅದೇ, ರೈತರೂ ಅವರೇ. ಬದಲಾಗಿದ್ದುದು ಕೈರೊ ಯಾರ ಕಡೆ ವಾಲುತ್ತದೆ ಎಂಬ ಲೆಕ್ಕಾಚಾರ ಮಾತ್ರ.

ಯಮನ್ ಈ ಪಾಠವನ್ನು ಇನ್ನೂ ಕಠೋರವಾಗಿ ಕಲಿಯಬೇಕಾಯಿತು. 1990ರ ಮೇ ತಿಂಗಳಲ್ಲಿ ಉತ್ತರ ಮತ್ತು ದಕ್ಷಿಣ ಯಮನ್‌ಗಳು ಒಂದಾಗಿ ಹೊಸ ರಾಷ್ಟ್ರ ಉದಯಿಸಿತ್ತು. ಆಗ ಅದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸದಸ್ಯನೂ ಆಗಿತ್ತು. ನವೆಂಬರ್ 29ರಂದು ಇರಾಕ್ ವಿರುದ್ಧ ಬಲಪ್ರಯೋಗಕ್ಕೆ ಅನುಮತಿ ನೀಡುವ 678ನೇ ನಿರ್ಣಯ ಮತಕ್ಕೆ ಬಂದಾಗ ಯಮನ್ ಮತ್ತು ಕ್ಯೂಬಾ ಮಾತ್ರ ವಿರೋಧವಾಗಿ ಮತ ಹಾಕಿದುವು. ಸದ್ದಾಮ್ ಹುಸೈನ್ ಕುವೈತನ್ನು ಆಕ್ರಮಿಸಿದ್ದು ಅನ್ಯಾಯವೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯುದ್ಧಕ್ಕೆ ಅನುಮತಿ ಕೊಡುವುದೋ ಬೇಡವೋ ಎಂದು ಹೇಳಲಿಕ್ಕಾಗಿಯೇ ತಾನೆ ಮಂಡಳಿಯಲ್ಲಿ ಮತವಿರುವುದು? ಇದು ನೀವು ಹಾಕಿದ ಮತಗಳಲ್ಲೇ ಅತ್ಯಂತ ದುಬಾರಿಯಾದುದು ಎಂಬರ್ಥದ ಮಾತನ್ನು ಅಮೇರಿಕದ ಕಡೆಯವರು ಯಮನ್‌ನ ಪ್ರತಿನಿಧಿಗೆ ಹೇಳಿದ್ದು ಆಗಲೇ ವರದಿಯಾಯಿತು. ಬೆನ್ನಿಗೆ ಅಮೇರಿಕದ ಸುಮಾರು 7 ಕೋಟಿ ಡಾಲರ್ ನೆರವು ನಿಂತಿತು. ಅದೇ ವರ್ಷ ಸೌದಿ ಅರೇಬಿಯವು ಯಮನೀ ಕಾರ್ಮಿಕರಿಗಿದ್ದ ವಿಶೇಷ ಸವಲತ್ತುಗಳನ್ನು ರದ್ದುಗೊಳಿಸಿತು. ಸುಮಾರು 8 ಲಕ್ಷ ಮಂದಿ ತಮ್ಮ ಗಂಟುಮೂಟೆಗಳೊಂದಿಗೆ ತಾಯ್ನಾಡಿಗೆ ಮರಳಬೇಕಾಯಿತು. ಕರಾವಳಿಯ ಮನೆಮನೆಗಳಲ್ಲಿ ಗಲ್ಫ್‌ನಲ್ಲಿ ದುಡಿಯುವ ಮಕ್ಕಳನ್ನು ಹೊಂದಿರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಸಮಯದಲ್ಲಿ ಅಮೇರಿಕದ ಜೊತೆ ನಿಂತ ಈಜಿಪ್ಟಿಗೆ ಏನು ಸಿಕ್ಕಿತು? ಸುಮಾರು 700 ಕೋಟಿ ಡಾಲರ್‌ಗಳ ಮಿಲಿಟರಿ ಸಾಲವನ್ನು ಅಮೇರಿಕ ಅಳಿಸಿ ಹಾಕಿತು. 1991ರಲ್ಲಿ ಸಾಲಿಗ ರಾಷ್ಟ್ರಗಳ ಕೂಟವಾದ ಪ್ಯಾರಿಸ್ ಕ್ಲಬ್ ಅದರ ಸಾಲವನ್ನು ಅರ್ಧದಷ್ಟು ಇಳಿಸಲು ಒಪ್ಪಿತು. ಒಂದು ‘ಹೌದು’ ಮತ್ತು ಒಂದು ‘ಇಲ್ಲ’ಗಳ ನಡುವಿನ ವ್ಯತ್ಯಾಸ ಇಷ್ಟು. ಇದನ್ನು ನೆರವೆನ್ನುವುದಾದರೆ ಲಂಚವೆನ್ನಲು ನಮ್ಮ ಭಾಷೆಯಲ್ಲಿ ಬೇರೆ ಪದವನ್ನು ಹುಡುಕಬೇಕಾದೀತು.

ನೆರವು ಆಳುವವರ ಕೈಗೆ ಸಿಕ್ಕಾಗ ಆಗುವ ಎರಡನೆಯ ಹಾನಿ ಇನ್ನೂ ಗಂಭೀರವಾದುದು. ತೆರಿಗೆ ಕೊಡುವ ಪ್ರಜೆಗೆ ಲೆಕ್ಕ ಕೇಳುವ ಹಕ್ಕಿದೆ. ಹೊರಗಿನಿಂದ ಹಣ ಪಡೆಯುವ ದೊರೆ ಪ್ರಜೆಗೆ ಲೆಕ್ಕ ಕೊಡುವುದಿಲ್ಲ, ಹಣ ಕೊಟ್ಟವನಿಗೆ ಕೊಡುತ್ತಾನೆ. ಯಮನ್‌ನಲ್ಲಿ ಅಲಿ ಅಬ್ದುಲ್ಲಾ ಸಾಲಿಹ್ 1978ರಿಂದ 2012ರ ವರೆಗೆ ಆಳಿದರು. 2001ರ ಬಳಿಕ ಭಯೋತ್ಪಾದನೆಯ ವಿರುದ್ಧದ ಸಮರದಲ್ಲಿ ಅವರು ಅಮೇರಿಕದ ಆಪ್ತರಾದರು, ಶಸ್ತ್ರ ಮತ್ತು ತರಬೇತಿಗಳು ಹರಿದು ಬಂದುವು. ಅವರು ತಮ್ಮ ಆಡಳಿತದ ಅವಧಿಯಲ್ಲಿ 3,200 ಕೋಟಿಯಿಂದ 6,000 ಕೋಟಿ ಡಾಲರ್‌ಗಳಷ್ಟು ಸಂಪತ್ತನ್ನು ಕೂಡಿಹಾಕಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಯೊಂದು 2015ರಲ್ಲಿ ಅಂದಾಜಿಸಿತು. ಅರಬ್ ಜಗತ್ತಿನ ಅತ್ಯಂತ ಬಡ ದೇಶವೊಂದರ ಅಧ್ಯಕ್ಷನ ಸಂಪತ್ತು ಇದು! ಇಷ್ಟು ದೀರ್ಘಕಾಲ ಅವರನ್ನು ಗದ್ದುಗೆಯಲ್ಲಿ ಉಳಿಸಿದ್ದು ಯಮನ್‌ನ ಜನತೆಯ ಪ್ರೀತಿಯಲ್ಲ ಎಂಬುದನ್ನು 2011ರಲ್ಲಿ ಬೀದಿಗಿಳಿದ ಯುವಜನರೇ ಸಾರಿ ಹೇಳಿದರು.

ಮೂರನೆಯ ಹಾನಿ ಹೊಲದಲ್ಲಿ ಆಗುತ್ತದೆ. ಯಮನ್‌ನ ಬೆಟ್ಟಗಳ ಇಳಿಜಾರಿನಲ್ಲಿ ಶತಮಾನಗಳಿಂದ ಕಲ್ಲುಕಟ್ಟಿ ಮಾಡಿದ ಮೆಟ್ಟಿಲು ಹೊಲಗಳಿವೆ. ಮಳೆನೀರನ್ನು ಹಿಡಿದಿಟ್ಟು ಜೋಳ ಬೆಳೆಯುವ ಆ ಜಾಣ್ಮೆ ಯಾವ ವಿಶ್ವಬ್ಯಾಂಕಿನ ಸಲಹೆಗಾರನೂ ಕಲಿಸಿದ್ದಲ್ಲ. 1970ರ ದಶಕದಿಂದ ಹೊರಗಿನ ಅಗ್ಗದ ಗೋಧಿ ಒಳನುಗ್ಗಿತು. ಅದರಲ್ಲಿ ನೆರವಿನ ರೂಪದಲ್ಲಿ ಬಂದುದೂ ಇತ್ತು. ಮನೆಯ ಊಟ ಬದಲಾಯಿತು, ಜೋಳಕ್ಕೆ ಬೆಲೆಯಿಲ್ಲವಾಯಿತು, ದುಡಿಯುವ ಕೈಗಳು ಸೌದಿಗೆ ಹೋದುವು, ಕಲ್ಲುಕಟ್ಟೆಗಳು ಕುಸಿದುವು. ಉಳಿದ ನೀರನ್ನು ಅಮಲಿನ ಸೊಪ್ಪಾದ ಖಾತ್ ಕುಡಿಯಿತು. ಬೆಳೆಯುತ್ತಿದ್ದ ದೇಶ ಬೇಡುವ ದೇಶವಾಯಿತು. ಹೈಟಿಯಲ್ಲಿಯೂ ಇದೇ ಆಯಿತು. ಅಲ್ಲಿನ ಅಕ್ಕಿಯ ಮೇಲಿನ ಆಮದು ಸುಂಕವನ್ನು 1995ರಲ್ಲಿ ಶೇಕಡಾ 3ಕ್ಕೆ ಇಳಿಸಲಾಯಿತು. ಅಮೇರಿಕದ ಸರಕಾರದಿಂದ ಸಬ್ಸಿಡಿ ಪಡೆದ ಅಲ್ಲಿನ ಅಕ್ಕಿ ಹೈಟಿಯ ರೈತನನ್ನು ಮಾರುಕಟ್ಟೆಯಿಂದ ಹೊರದಬ್ಬಿತು. ಈ ನೀತಿ ತನ್ನ ರಾಜ್ಯವಾದ ಅರ್ಕನ್ಸಾಸ್‌ನ ರೈತರಿಗೆ ಒಳಿತು ಮಾಡಿರಬಹುದು, ಆದರೆ ಹೈಟಿಯ ಮಟ್ಟಿಗೆ ಅದು ತಪ್ಪಾಗಿತ್ತು ಎಂದು ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ 2010ರಲ್ಲಿ ಅಮೇರಿಕದ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು. ಒಪ್ಪಿಕೊಂಡದ್ದು ಶ್ಲಾಘನೀಯವೇ. ಆದರೆ ತಪ್ಪೊಪ್ಪಿಗೆಯಿಂದ ಹೊಲ ಮತ್ತೆ ಹಸಿರಾಗುವುದಿಲ್ಲ.

ಇನ್ನು ನಾಲ್ಕನೆಯದು ಬಡ್ಡಿ. ನಾವು ‘ನೆರವು’ ಎಂದು ಕರೆಯುವುದರ ದೊಡ್ಡ ಪಾಲು ನೆರವೇ ಅಲ್ಲ, ಸಾಲ. 1999ರಲ್ಲಿ ನಮ್ಮ ಕರಾವಳಿಯ ಪಟ್ಟಣಗಳ ಕುಡಿಯುವ ನೀರು ಮತ್ತು ಒಳಚರಂಡಿಗಳಿಗಾಗಿ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಮಂಜೂರು ಮಾಡಿದ ಹಣವನ್ನೂ ನಾವು ‘ನೆರವು’ ಎಂದೇ ಕರೆದೆವು. ಅದು ಮರುಪಾವತಿ ಮಾಡಬೇಕಾದ ಸಾಲವೆಂದು ಎಷ್ಟು ಮಂದಿಗೆ ನೆನಪಿತ್ತು? ಜಾಗತಿಕ ಲೆಕ್ಕವನ್ನು ನೋಡಿದರೆ ಈ ಪದದ ಮೋಸ ಇನ್ನೂ ಸ್ಪಷ್ಟವಾಗುತ್ತದೆ. 2023ರಲ್ಲಿ ಶ್ರೀಮಂತ ರಾಷ್ಟ್ರಗಳೆಲ್ಲ ಸೇರಿ ನೀಡಿದ ಅಧಿಕೃತ ಅಭಿವೃದ್ಧಿ ನೆರವು ಸುಮಾರು 22,300 ಕೋಟಿ ಡಾಲರ್. ಅದೇ ವರ್ಷ ಅಭಿವೃದ್ಧಿಶೀಲ ರಾಷ್ಟ್ರಗಳು ತಮ್ಮ ವಿದೇಶಿ ಸಾಲಕ್ಕೆ ಕಟ್ಟಿದ ಕಂತು ಮತ್ತು ಬಡ್ಡಿ ಒಟ್ಟು 1.4 ಲಕ್ಷ ಕೋಟಿ ಡಾಲರ್ ಎಂದು ವಿಶ್ವಬ್ಯಾಂಕೇ ಹೇಳಿದೆ. ಬಡ್ಡಿಯೊಂದೇ 40,600 ಕೋಟಿ ಡಾಲರ್. ಅಂದರೆ ಬಲಗೈಯಲ್ಲಿ ಕೊಟ್ಟದ್ದರ ಸುಮಾರು ಇಮ್ಮಡಿಯನ್ನು ಎಡಗೈ ಬಡ್ಡಿಯಾಗಿ ವಸೂಲು ಮಾಡಿದೆ. ಬಡ್ಡಿಯನ್ನು ಇಸ್ಲಾಮ್ ಏಕೆ ಅಷ್ಟು ಕಠಿಣವಾಗಿ ನಿಷೇಧಿಸಿತು ಎಂದು ಕೇಳುವವರಿಗೆ ಈ ಎರಡು ಅಂಕಿಗಳೇ ಉತ್ತರವಾಗಬಲ್ಲುವು.

ಬಡ್ಡಿಯ ಜೊತೆಗೆ ಶರತ್ತು ಬರುತ್ತದೆ. ಐ.ಎಂ.ಎಫ್. ಮತ್ತು ವಿಶ್ವಬ್ಯಾಂಕ್‌ಗಳೊಂದಿಗೆ ಯಮನ್ 1995ರಲ್ಲಿ ಆರ್ಥಿಕ ಹೊಂದಾಣಿಕೆಯ ಕಾರ್ಯಕ್ರಮಕ್ಕೆ ಒಪ್ಪಿತು. 2005ರಲ್ಲಿ ಇಂಧನ ಸಬ್ಸಿಡಿ ಕಡಿತಗೊಂಡಾಗ ನಡೆದ ಗಲಭೆಯಲ್ಲಿ ಹತ್ತಾರು ಮಂದಿ ಪ್ರಾಣ ತೆತ್ತರು. 2014ರ ಜುಲೈಯಲ್ಲಿ, ಐ.ಎಂ.ಎಫ್. ಸಾಲದ ಮಾತುಕತೆಯ ಹಿನ್ನೆಲೆಯಲ್ಲಿ, ಸರಕಾರ ಇಂಧನದ ಬೆಲೆಯನ್ನು ಮತ್ತೆ ಏರಿಸಿತು. ಸೆಪ್ಟೆಂಬರ್ ಆರಂಭದಲ್ಲಿ ಸುಮಾರು 55 ಕೋಟಿ ಡಾಲರ್ ಸಾಲ ಮಂಜೂರಾಯಿತು. ಬೆಲೆಯೇರಿಕೆಯ ಆಕ್ರೋಶವನ್ನೇ ಏಣಿಯಾಗಿಸಿಕೊಂಡ ಹೂತಿಗಳು ಅದೇ ಸೆಪ್ಟೆಂಬರ್ 21ರಂದು ರಾಜಧಾನಿ ಸನಾವನ್ನು ವಶಪಡಿಸಿಕೊಂಡರು. ಯಮನ್‌ನ ದುರಂತಕ್ಕೆ ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಬುಡಕಟ್ಟು ವೈಷಮ್ಯ, ಪಂಗಡದ ರಾಜಕೀಯ, ನೆರೆಯವರ ಪೈಪೋಟಿ ಎಲ್ಲವೂ ಇದ್ದುವು. ಆದರೆ ಒಣಹುಲ್ಲಿನ ಬಣವೆಯ ಪಕ್ಕದಲ್ಲಿ ಕಡ್ಡಿ ಗೀರಿದವರು ಹುಲ್ಲಿನ ಮೇಲೆ ಮಾತ್ರ ತಪ್ಪು ಹೊರಿಸುವಂತಿಲ್ಲ.

ಹಾಗಾದರೆ ನೆರವೆಲ್ಲವೂ ವಿಷವೇ? ಇಲ್ಲ. ನ್ಯಾಯವಾಗಿ ಮಾತನಾಡಬೇಕೆಂಬುದು ಶತ್ರುವಿನ ವಿಷಯದಲ್ಲೂ ನಮಗೆ ಇರುವ ಆದೇಶ. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲು ಸಾಧ್ಯವಾದುದರ ಹಿಂದೆ ಅಮೇರಿಕ ಮತ್ತು ಸೋವಿಯತ್ ಒಕ್ಕೂಟಗಳೆರಡರ ನೆರವೂ ಇತ್ತು. ಏಡ್ಸ್ ವಿರುದ್ಧ 2003ರಲ್ಲಿ ಅಮೇರಿಕ ಆರಂಭಿಸಿದ ಕಾರ್ಯಕ್ರಮವು ಎರಡೂವರೆ ಕೋಟಿಯಷ್ಟು ಜೀವಗಳನ್ನು ಉಳಿಸಿದೆಯೆಂಬ ಅಂದಾಜಿದೆ. ಅದನ್ನು ಆರಂಭಿಸಿದವರು ಇರಾಕಿನ ಮೇಲೆ ಯುದ್ಧ ಹೇರಿದ ಜಾರ್ಜ್ ಬುಷ್ ಅವರೇ. ಯುದ್ಧಕ್ಕಾಗಿ ಅವರನ್ನು ಖಂಡಿಸುವ ನಾವು ಈ ಸತ್ಯವನ್ನು ಮುಚ್ಚಿಡುವುದು ಅನ್ಯಾಯವಾಗುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ಮಾರ್ಷಲ್ ಯೋಜನೆಯಡಿ ಪಶ್ಚಿಮ ಯುರೋಪಿಗೆ ಸುಮಾರು 1,300 ಕೋಟಿ ಡಾಲರ್ ಹರಿಯಿತು, ಯುರೋಪು ಎದ್ದು ನಿಂತಿತು. ದಕ್ಷಿಣ ಕೊರಿಯಾ ಕೂಡ ಅಮೇರಿಕದ ನೆರವು ಪಡೆದೇ ಬೆಳೆಯಿತು.

ಆದರೆ ಈ ಉದಾಹರಣೆಗಳನ್ನು ಮುಂದಿಡುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಾರ್ಷಲ್ ಯೋಜನೆಯ ಹೆಚ್ಚಿನ ಹಣ ಅನುದಾನವಾಗಿತ್ತು, ಸಾಲವಲ್ಲ. ಅದು 1948ರಿಂದ ನಾಲ್ಕು ವರ್ಷ ಮಾತ್ರ ನಡೆಯಿತು. ದಕ್ಷಿಣ ಕೊರಿಯಾ ತನ್ನ ಕೈಗಾರಿಕೆಗಳನ್ನು ಸುಂಕದ ಗೋಡೆಯೊಳಗೆ ಬೆಳೆಸಿತು. ಯಮನ್ ಮತ್ತು ಹೈಟಿಗಳಿಗೆ ಮಾತ್ರ ನಿಮ್ಮ ಗೋಡೆಯನ್ನು ಕೆಡವಿರಿ, ಆಮೇಲೆ ಹಣ ಕೊಡುತ್ತೇವೆ ಎನ್ನಲಾಯಿತು. ಆದ್ದರಿಂದ ಪ್ರಶ್ನೆಯು ನೆರವು ಬೇಕೋ ಬೇಡವೋ ಎಂಬುದಲ್ಲ. ನೆರವು ಪಡೆದವನನ್ನು ಅದು ಎದ್ದು ನಿಲ್ಲಿಸುತ್ತದೆಯೋ ಅಥವಾ ಮತ್ತೆ ಕೈಚಾಚುವಂತೆ ಮಾಡುತ್ತದೆಯೋ ಎಂಬುದೇ ನಿಜವಾದ ಪ್ರಶ್ನೆ.

ನಮ್ಮ ದೇಶವೇ ಇದಕ್ಕೆ ಸಾಕ್ಷಿ. 1956ರಲ್ಲಿ ಭಾರತವು ಅಮೇರಿಕದೊಂದಿಗೆ ಪಿ.ಎಲ್. 480 ಒಪ್ಪಂದಕ್ಕೆ ಸಹಿ ಹಾಕಿತು. ಶಾಲೆಗಳಲ್ಲಿ ಹಂಚಲಾಗುತ್ತಿದ್ದ ಅಮೇರಿಕದ ಹಾಲಿನಪುಡಿ ಮತ್ತು ಗೋಧಿಯ ಉಪ್ಪಿಟ್ಟನ್ನು ನಮ್ಮ ಹಿರಿಯರು ಇಂದಿಗೂ ನೆನಪಿಸಿಕೊಳ್ಳುತ್ತಾರೆ. ಅದು ಅನೇಕ ಮಕ್ಕಳ ಹಸಿವನ್ನು ತಣಿಸಿತು, ನಿಜ. ಆದರೆ 1965-66ರ ಬರಗಾಲದಲ್ಲಿ, ಭಾರತವು ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಟೀಕಿಸಿದಾಗ, ಅಧ್ಯಕ್ಷ ಜಾನ್ಸನ್ ಗೋಧಿಯನ್ನು ತಿಂಗಳ ಲೆಕ್ಕದಲ್ಲಿ, ಹಡಗಿನ ಲೆಕ್ಕದಲ್ಲಿ ಬಿಡುಗಡೆ ಮಾಡತೊಡಗಿದರು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಬೇಕಾಯಿತು. ಆ ಅವಮಾನವನ್ನು ನುಂಗಿದ ದೇಶವು ಬೀಜ, ನೀರಾವರಿ, ಗೋದಾಮು ಮತ್ತು ಬೆಂಬಲ ಬೆಲೆಗಳ ಕಡೆ ಗಮನ ಹರಿಸಿತು. ಆ ಕ್ರಾಂತಿಯಲ್ಲಿ ನೂರೆಂಟು ಕುಂದುಗಳಿರಬಹುದು. ಆದರೆ 2004ರ ಸುನಾಮಿಯ ಸಂದರ್ಭದಲ್ಲಿ ಹೊರಗಿನ ಸರಕಾರಗಳ ನೆರವು ಸದ್ಯಕ್ಕೆ ಬೇಡವೆಂದು ಹೇಳಿ, ಶ್ರೀಲಂಕಾ, ಮಾಲ್ದೀವ್ಸ್ ಮತ್ತು ಇಂಡೋನೇಷ್ಯಾಗಳಿಗೆ ತಾನೇ ನೆರವು ಕಳುಹಿಸುವ ಸ್ಥಿತಿ ಭಾರತಕ್ಕೆ ಬಂದುದು ತನ್ನ ಹೊಲದಿಂದಲೇ ಹೊರತು ಬೇರೆಯವರ ಹಡಗಿನಿಂದಲ್ಲ.

ಈಗ ಸಂಭ್ರಮಿಸುವವರ ಕಡೆಗೆ ಬರೋಣ. ನೆರವು ನೊಗವಾಗಿತ್ತು, ನೊಗ ಕಳಚಿತು, ಅಷ್ಟೇ ತಾನೆ ಎಂಬುದು ಅವರ ವಾದ. ಅರ್ಧ ಶತಮಾನ ಕಾಲ ಒಬ್ಬನಿಗೆ ಊರುಗೋಲು ಕೊಟ್ಟು, ಕಾಲಿನ ಶಕ್ತಿ ಉಡುಗಿದ ಬಳಿಕ ಒಂದು ಬೆಳಿಗ್ಗೆ ಅದನ್ನು ಕಸಿದುಕೊಂಡು, ಈಗ ನೀನು ಸ್ವತಂತ್ರ ಎಂದರೆ ಅದು ವಿಮೋಚನೆಯಾಗುತ್ತದೆಯೇ? 2025ರ ಏಪ್ರಿಲ್‌ನಲ್ಲಿ ಅಮೇರಿಕವು ಯಮನ್ ಮತ್ತು ಅಫ್ಘಾನಿಸ್ತಾನಗಳಿಗೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ನೀಡುತ್ತಿದ್ದ ತುರ್ತು ಆಹಾರ ನೆರವನ್ನು ನಿಲ್ಲಿಸಿತು. ಅದೇ ಏಪ್ರಿಲ್‌ನಲ್ಲಿ ಅಮೇರಿಕದ ಯುದ್ಧವಿಮಾನಗಳು ಯಮನ್‌ನ ಮೇಲೆ ಬಾಂಬ್ ಹಾಕುತ್ತಿದ್ದುವು. ಮಾರ್ಚ್ 15ರಂದು ಆರಂಭವಾದ ಆ ದಾಳಿ ಮೇ 6ರ ವರೆಗೆ ಮುಂದುವರಿಯಿತು. ಗೋಧಿ ನಿಂತಿತು, ಬಾಂಬು ನಿಲ್ಲಲಿಲ್ಲ. ಇದರಲ್ಲಿ ಮುಸ್ಲಿಮನು ಸಂಭ್ರಮಿಸಲು ಏನಿದೆ?

ಅಫ್ಘಾನಿಸ್ತಾನದ ಅನುಭವವೂ ಕಣ್ಣ ಮುಂದಿದೆ. 2021ರ ವರೆಗೆ ಅಲ್ಲಿನ ಸರಕಾರಿ ವೆಚ್ಚದ ಸುಮಾರು ಮುಕ್ಕಾಲು ಭಾಗ ವಿದೇಶಿ ಹಣದಿಂದ ನಡೆಯುತ್ತಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ತಾಲಿಬಾನ್ ಅಧಿಕಾರಕ್ಕೆ ಬಂದೊಡನೆ ನೆರವು ನಿಂತಿತು, ಅಮೇರಿಕದಲ್ಲಿದ್ದ ಆ ದೇಶದ ಸುಮಾರು 700 ಕೋಟಿ ಡಾಲರ್ ಮೀಸಲು ಹಣವೂ ಸ್ತಂಭನಗೊಂಡಿತು. ಶಿಕ್ಷೆ ತಾಲಿಬಾನ್‌ನ ನಾಯಕರಿಗಾಯಿತೇ? ಸಂಬಳವಿಲ್ಲದ ಶಿಕ್ಷಕಿಗೆ, ಔಷಧವಿಲ್ಲದ ಆಸ್ಪತ್ರೆಗೆ, ಹಾಲಿಲ್ಲದ ಮಗುವಿಗೆ ಆಯಿತು. ನೆರವನ್ನು ಕೊಡುವಾಗ ಕೇಳದ ಜನತೆಯನ್ನು ನಿಲ್ಲಿಸುವಾಗಲೂ ಯಾರೂ ಕೇಳಲಿಲ್ಲ.

ಇಲ್ಲಿಯ ವರೆಗೆ ಪಶ್ಚಿಮದ ತಪ್ಪುಗಳನ್ನು ಹೇಳಿದೆವು. ಇಷ್ಟಕ್ಕೇ ಲೇಖನಿ ಕೆಳಗಿಟ್ಟರೆ ಅದು ಆತ್ಮವಂಚನೆಯಾದೀತು. 2018ರ ಮಾರ್ಚ್‌ನಲ್ಲಿ ಸೌದಿಯ ಯುವರಾಜ ಮುಹಮ್ಮದ್ ಬಿನ್ ಸಲ್ಮಾನ್ ಅವರು ಯಮನ್‌ನ ಸಂತ್ರಸ್ತರಿಗಾಗಿ ಸೌದಿ ಮತ್ತು ಯು.ಎ.ಇ.ಗಳ ಪರವಾಗಿ 93 ಕೋಟಿ ಡಾಲರ್‌ಗಳ ನೆರವನ್ನು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಹಸ್ತಾಂತರಿಸಿದರು. ಅದಕ್ಕೆ ಕೆಲವೇ ತಿಂಗಳ ಮೊದಲು, 2017ರ ನವೆಂಬರ್‌ನಲ್ಲಿ, ಅವರದೇ ಒಕ್ಕೂಟ ಯಮನ್‌ನ ಬಂದರುಗಳನ್ನು ಮುಚ್ಚಿತ್ತು. ದಾಳಿ ಮುಂದುವರಿದೇ ಇತ್ತು. 2021ರ ಅಂತ್ಯದ ವೇಳೆಗೆ ಈ ಯುದ್ಧದ ಪರಿಣಾಮವಾಗಿ 3,77,000 ಜೀವಗಳು ಹೋಗಿರಬಹುದು, ಅವುಗಳಲ್ಲಿ ಸುಮಾರು ಶೇಕಡಾ 60ರಷ್ಟು ಹಸಿವು, ರೋಗ ಮುಂತಾದ ಪರೋಕ್ಷ ಕಾರಣಗಳಿಂದ ಎಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜಿಸಿತು. 2013ರಲ್ಲಿ ಈಜಿಪ್ಟಿನ ಚುನಾಯಿತ ಅಧ್ಯಕ್ಷ ಮುಹಮ್ಮದ್ ಮುರ್ಸಿಯವರನ್ನು ಸೇನೆ ಪದಚ್ಯುತಗೊಳಿಸಿದಾಗ ಕೆಲವೇ ದಿನಗಳಲ್ಲಿ 1,200 ಕೋಟಿ ಡಾಲರ್‌ಗಳ ನೆರವನ್ನು ಘೋಷಿಸಿದವರು ಸೌದಿ, ಯು.ಎ.ಇ. ಮತ್ತು ಕುವೈತ್‌ಗಳೇ. ಕೊಡುವ ಕೈಯ ಬೆರಳಿನಲ್ಲಿ ತಸ್ಬೀಹ್ ಇದ್ದ ಮಾತ್ರಕ್ಕೆ ನೊಗ ಹಗುರವಾಗುವುದಿಲ್ಲ.

ಅತ್ತ ಹೂತಿಗಳ ಕಥೆಯೇನು? ಹಸಿದವರಿಗೆ ಸಲ್ಲಬೇಕಾದ ಆಹಾರ ಅವರ ಹತೋಟಿಯ ಪ್ರದೇಶದಲ್ಲಿ ಅನ್ಯರ ಪಾಲಾಗುತ್ತಿದೆಯೆಂದು 2019ರ ಜೂನ್‌ನಲ್ಲಿ ವಿಶ್ವ ಆಹಾರ ಕಾರ್ಯಕ್ರಮವು ಸನಾದಲ್ಲಿ ವಿತರಣೆಯನ್ನು ಭಾಗಶಃ ನಿಲ್ಲಿಸಬೇಕಾಯಿತು. 2024ರ ಜೂನ್‌ನಲ್ಲಿ ಅವರು ವಿಶ್ವಸಂಸ್ಥೆಯ ಮತ್ತು ಸ್ವಯಂಸೇವಾ ಸಂಸ್ಥೆಗಳ ಸಿಬ್ಬಂದಿಗಳನ್ನು ಬಂಧಿಸಿದರು. ಫೆಲೆಸ್ತೀನಿನ ಹೆಸರಿನಲ್ಲಿ ಘೋಷಣೆ ಕೂಗುವವರು ತಮ್ಮದೇ ಜನರ ಹಿಟ್ಟಿನ ಚೀಲಕ್ಕೆ ಕೈಹಾಕಿದರೆ ಆ ಘೋಷಣೆಗೆ ಬೆಲೆಯೇನು?

ಇನ್ನೂ ಹತ್ತಿರಕ್ಕೆ ಬರೋಣ. 2023ರ ಏಪ್ರಿಲ್ 19ರ ರಾತ್ರಿ, ರಮಝಾನ್‌ನ ಕೊನೆಯ ದಿನಗಳಲ್ಲಿ, ಸನಾದ ಹಳೆಯ ನಗರದಲ್ಲಿ ವರ್ತಕರು ಬಡವರಿಗೆ ಹಣ ಹಂಚುತ್ತಿದ್ದರು. ತಲಾ ಸುಮಾರು 5,000 ಯಮನಿ ರಿಯಾಲ್, ಅಂದರೆ 10 ಡಾಲರ್‌ಗೂ ಕಡಿಮೆ. ನೂರಾರು ಜನ ನೆರೆದರು. ಕಾಲ್ತುಳಿತದಲ್ಲಿ ಕನಿಷ್ಠ 78 ಮಂದಿ ಸತ್ತರು. 2008ರ ರಮಝಾನ್‌ನಲ್ಲಿ ಇಂಡೋನೇಷ್ಯಾದ ಪಸುರುವಾನ್‌ನಲ್ಲಿ ಶ್ರೀಮಂತನೊಬ್ಬನ ಮನೆಯ ಮುಂದೆ ಝಕಾತ್ ಪಡೆಯಲು ಮುಗಿಬಿದ್ದ 21 ಮಹಿಳೆಯರು ಸತ್ತಿದ್ದರು. ಕೊಟ್ಟವರ ಉದ್ದೇಶವನ್ನು ನಾವು ಸಂಶಯಿಸುವುದಿಲ್ಲ. ಆದರೆ ವಿಧಾನವನ್ನು ಪ್ರಶ್ನಿಸದಿದ್ದರೆ ಸತ್ತವರಿಗೆ ಅನ್ಯಾಯವೆಸಗಿದಂತಾಗುತ್ತದೆ. ನಮ್ಮ ಊರುಗಳಲ್ಲಿ ರಮಝಾನ್‌ನ ಇಪ್ಪತ್ತೇಳನೆಯ ದಿನ ಏನು ನಡೆಯುತ್ತದೆ? ಧನಿಕರ ಗೇಟಿನ ಮುಂದೆ ಬುರ್ಖಾ ತೊಟ್ಟ ತಾಯಂದಿರು ಬಿಸಿಲಲ್ಲಿ ಸಾಲು ನಿಲ್ಲುವುದಿಲ್ಲವೇ? ಐವತ್ತು, ನೂರು ರೂಪಾಯಿಗಳ ನೋಟುಗಳೂ ಅಗ್ಗದ ಸೀರೆಗಳೂ ಹಂಚಿಕೆಯಾಗಿ, ಫೋಟೊ ತೆಗೆಸಿಕೊಂಡು, ಮುಂದಿನ ವರ್ಷ ಅದೇ ತಾಯಂದಿರು ಅದೇ ಗೇಟಿನ ಮುಂದೆ ನಿಲ್ಲುವುದಿಲ್ಲವೇ? ಹಾಗಾದರೆ ವಾಷಿಂಗ್ಟನ್ ರಾಷ್ಟ್ರಗಳಿಗೆ ಮಾಡಿದುದನ್ನು ನಾವು ನಮ್ಮ ಮೊಹಲ್ಲಾದ ವಿಧವೆಗೆ ಮಾಡುತ್ತಿದ್ದೇವೆ. ಗಾತ್ರ ಬೇರೆ, ಗುಣ ಒಂದೇ.

ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಬೇಡಲು ಬಂದ ಅನ್ಸಾರಿ ವ್ಯಕ್ತಿಯ ಘಟನೆ ನಮ್ಮ ಖುತ್ಬಾಗಳಲ್ಲಿ ಎಷ್ಟೋ ಬಾರಿ ಕೇಳಿಬಂದಿದೆ. ಪ್ರವಾದಿ(ಸ)ಯವರು ಅವನ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ತರಿಸಿ ಎರಡು ದಿರ್ಹಮ್‌ಗೆ ಹರಾಜು ಹಾಕಿದರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ಹಿಡಿಯನ್ನು ತಮ್ಮ ಕೈಯಾರೆ ಜೋಡಿಸಿ, ಕಟ್ಟಿಗೆ ಕಡಿದು ಮಾರಿಕೋ, ಹದಿನೈದು ದಿನ ನನ್ನ ಕಣ್ಣಿಗೆ ಬೀಳಬೇಡ ಎಂದರು. ಅವನು ಹತ್ತು ದಿರ್ಹಮ್ ಸಂಪಾದಿಸಿ ಮರಳಿ ಬಂದನು. ಈ ಘಟನೆಯಲ್ಲಿ ಗಮನಿಸಬೇಕಾದುದು ಕೊಡಲಿಯನ್ನು ಮಾತ್ರವಲ್ಲ, ಮೊದಲ ದಿರ್ಹಮನ್ನೂ ಹೌದು. ಹಸಿದವನಿಗೆ ಮೊದಲು ಊಟ, ಜೊತೆಗೇ ದುಡಿಮೆಯ ದಾರಿ. ನೆರವು ನಿಂತುದಕ್ಕೆ ಸಂಭ್ರಮಿಸುವವರು ಮೊದಲ ದಿರ್ಹಮನ್ನು ಮರೆಯುತ್ತಾರೆ, ನೆರವನ್ನು ಕಣ್ಣುಮುಚ್ಚಿ ಹೊಗಳುವವರು ಕೊಡಲಿಯನ್ನು ಮರೆಯುತ್ತಾರೆ.

ಹಿಜರಿ 18ರ ಭೀಕರ ಬರಗಾಲದಲ್ಲಿ ಖಲೀಫಾ ಉಮರ್(ರ)ರು ಸಿರಿಯಾ ಮೊದಲಾದ ಪ್ರಾಂತಗಳಿಂದ ಮದೀನಕ್ಕೆ ಆಹಾರ ತರಿಸಿದರು. ಜನರ ಕಷ್ಟ ನೀಗುವ ವರೆಗೆ ತಾವು ತುಪ್ಪವನ್ನು ಮುಟ್ಟಲಿಲ್ಲ. ಪ್ರಾಂತಗಳು ಕಳಿಸಿದ ಧಾನ್ಯಕ್ಕೆ ಮದೀನದ ಹಸಿದವರು ಯಾರ ಗುಲಾಮರೂ ಆಗಬೇಕಾಗಿ ಬರಲಿಲ್ಲ, ಏಕೆಂದರೆ ಅದನ್ನು ಹಕ್ಕೆಂದು ಪರಿಗಣಿಸಲಾಗಿತ್ತು. ಧನಿಕನ ಸಂಪತ್ತಿನಲ್ಲಿ ಕೇಳುವವನಿಗೂ ವಂಚಿತನಿಗೂ ಹಕ್ಕಿದೆಯೆಂದು ಕುರ್‌ಆನ್ ಕಲಿಸುತ್ತದೆ. ಕೊಟ್ಟುದನ್ನು ಎತ್ತಿ ಆಡುವುದರಿಂದ ದಾನವೇ ನಿಷ್ಫಲವಾಗುತ್ತದೆಂದು ಎಚ್ಚರಿಸುತ್ತದೆ. ಸಾಲಗಾರನು ಸಂಕಷ್ಟದಲ್ಲಿದ್ದರೆ ಕಾಲಾವಕಾಶ ನೀಡಬೇಕೆಂದೂ, ಬಿಟ್ಟುಬಿಡುವುದು ಇನ್ನೂ ಉತ್ತಮವೆಂದೂ ಬೋಧಿಸುತ್ತದೆ. ಝಕಾತ್‌ನ ಎಂಟು ಬಾಬುಗಳಲ್ಲಿ ಸಾಲಗಾರನ ವಿಮೋಚನೆಗೂ ಗುಲಾಮನ ವಿಮೋಚನೆಗೂ ಸ್ಥಾನವಿದೆ. ಅಂದರೆ ಕೊಡುವುದರ ಗುರಿ ಬಿಡುಗಡೆ.

ಈ ಅಳತೆಗೋಲನ್ನು ಹಿಡಿದು ನಾವು ಬಲಿಷ್ಠ ರಾಷ್ಟ್ರಗಳಿಂದ ಕೇಳಬೇಕಾದುದು ಭಿಕ್ಷೆಯನ್ನಲ್ಲ. ತೀರಿಸಲಾಗದ ಸಾಲಗಳ ಮತ್ತು ಅವುಗಳ ಬಡ್ಡಿಯ ಮನ್ನಾ, ಬಡ ದೇಶದ ರೈತನಿಗೆ ತನ್ನ ಮಾರುಕಟ್ಟೆಯನ್ನು ರಕ್ಷಿಸಿಕೊಳ್ಳುವ ಹಕ್ಕು, ಲೂಟಿಕೋರ ದೊರೆಗಳು ವಿದೇಶಗಳಲ್ಲಿ ಬಚ್ಚಿಟ್ಟ ಹಣದ ವಾಪಸಾತಿ, ಒಂದು ಕೈಯಲ್ಲಿ ಅಸ್ತ್ರ ಮಾರಿ ಇನ್ನೊಂದು ಕೈಯಲ್ಲಿ ಹಿಟ್ಟು ಹಂಚುವ ಕಪಟದ ಅಂತ್ಯ, ಇವು ನಮ್ಮ ಬೇಡಿಕೆಗಳಾಗಬೇಕು. ರಾಷ್ಟ್ರೀಯ ಆದಾಯದ ಶೇಕಡಾ 0.7ನ್ನು ನೆರವಿಗೆ ಮೀಸಲಿಡಬೇಕೆಂದು ವಿಶ್ವಸಂಸ್ಥೆ 1970ರಲ್ಲಿ ಗುರಿ ಹಾಕಿತು. 2023ರಲ್ಲಿ ಅದನ್ನು ತಲುಪಿದ್ದು ಕೇವಲ ಐದು ಶ್ರೀಮಂತ ದೇಶಗಳು. ಬರ ಮತ್ತು ಯುದ್ಧಗಳ ತುರ್ತಿನಲ್ಲಿ ಯಾವ ಶರತ್ತೂ ಇಲ್ಲದೆ ಆ ಪಾಲು ಸಲ್ಲಲೇಬೇಕು.

ನಮ್ಮಿಂದ ನಾವು ಕೇಳಿಕೊಳ್ಳಬೇಕಾದುದೂ ಇದೆ. ಪ್ರತಿ ಜಮಾಅತ್ ತನ್ನ ವ್ಯಾಪ್ತಿಯ ಝಕಾತನ್ನು ಒಟ್ಟುಗೂಡಿಸಲಿ. ಗೇಟಿನ ಮುಂದೆ ಸಾಲು ನಿಲ್ಲಿಸುವ ಪದ್ಧತಿ ಈ ವರ್ಷವೇ ನಿಲ್ಲಲಿ. ಹತ್ತು ಸಾವಿರ ಮಂದಿಗೆ ನೂರು ರೂಪಾಯಿ ಹಂಚುವ ಬದಲು ಹತ್ತು ಕುಟುಂಬಗಳನ್ನು ಬಡ್ಡಿಯ ಸಾಲದಿಂದ ಬಿಡಿಸಿ, ಹೊಲಿಗೆ ಯಂತ್ರವನ್ನೋ ಅಂಗಡಿಯ ಬಂಡವಾಳವನ್ನೋ ಕೊಟ್ಟು, ಮುಂದಿನ ರಮಝಾನ್‌ಗೆ ಅವರೇ ಝಕಾತ್ ಕೊಡುವಂತಾಗಲಿ. ಅದಾಗದೆ ವಿಶ್ವಬ್ಯಾಂಕನ್ನು ಟೀಕಿಸುವ ನೈತಿಕ ಹಕ್ಕು ನಮಗೆ ಬರುವುದಿಲ್ಲ.

ಯಮನ್‌ಗೂ ಕರ್ನಾಟಕಕ್ಕೂ ಹಳೆಯ ಸಂಬಂಧವೊಂದಿದೆ. ಹದಿನೇಳನೆಯ ಶತಮಾನದಲ್ಲಿ ಹಜ್ಜ್‌ನಿಂದ ಮರಳುವಾಗ ಬಾಬಾ ಬುಡನ್‌ರವರು ಯಮನ್‌ನ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ಜನಜನಿತ. ಇಂದು ದೇಶದ ಕಾಫಿಯ ಸುಮಾರು ಶೇಕಡಾ 70 ಕರ್ನಾಟಕದಲ್ಲೇ ಬೆಳೆಯುತ್ತದೆ, ಎಲ್ಲ ಜಾತಿ ಮತಗಳ ಲಕ್ಷಾಂತರ ಕುಟುಂಬಗಳು ಅದರಿಂದ ಬದುಕುತ್ತವೆ. ಆ ಏಳು ಬೀಜಗಳಿಗೆ ಯಾವ ಶರತ್ತೂ ಇರಲಿಲ್ಲ, ಬಡ್ಡಿಯೂ ಇರಲಿಲ್ಲ. ನಮಗೆ ಬೀಜ ಬಂದ ನಾಡು ಇಂದು ಹಿಟ್ಟಿಗಾಗಿ ಸಾಲು ನಿಂತಿದೆ. ಅದರ ಋಣ ನಮ್ಮ ಮೇಲಿದೆಯೆಂಬ ಅರಿವಿನಿಂದಲೇ ನಾವು ಯಮನ್‌ನ ಬಗ್ಗೆ ಮಾತನಾಡಬೇಕು, ಪ್ರಾರ್ಥಿಸಬೇಕು ಮತ್ತು ಕೊಡಬೇಕು.